ಬಾತುಕೋಳಿ ಮರಿ ಎದ್ದು ನಿಲ್ಲುತ್ತಿಲ್ಲವೇ? ಔಷಧಿಗೂ ಮೊದಲು ಅದರ ತಟ್ಟೆ ನೋಡಿ

ಸಂತೆಯಲ್ಲೋ, ಸಾಕುಪ್ರಾಣಿಗಳ ಅಂಗಡಿಯಲ್ಲೋ ಹಳದಿ ಬಾತುಕೋಳಿ ಮರಿಗಳು ಕಣ್ಣಿಗೆ ಬಿದ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕೊನೆಗೆ ಒಂದು ಜೋಡಿ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ಮನೆಗೆ ಬರುತ್ತದೆ. ಮೊದಲ ವಾರ ಮನೆ ತುಂಬಾ ಅವುಗಳದ್ದೇ ಓಡಾಟ. ಎರಡನೇ ವಾರದ ಹೊತ್ತಿಗೆ ಒಂದು ಮರಿ ಹಿಂದೆ ಬೀಳುತ್ತದೆ. ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುತ್ತದೆ. ಮರುದಿನ ಏಳುವುದೇ ಇಲ್ಲ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ‘ರೋಗ ಬಡಿದಿದೆ’ ಎಂದು ಮರಿ ಕೊಟ್ಟ ಅಂಗಡಿಯವರು ಒಂದು ಆಂಟಿಬಯಾಟಿಕ್ ಪುಡಿಯ ಪೊಟ್ಟಣ ಕೊಟ್ಟರು. ಮೂರು ದಿನ ನೀರಿಗೆ ಬೆರೆಸಿ ಕುಡಿಸಿದೆವು. ನಾಲ್ಕನೇ ದಿನ ಆ ಮರಿ ಸತ್ತಿತು, ಇನ್ನೊಂದರ ಕಾಲೂ ಸೊಟ್ಟಗಾಗತೊಡಗಿತು. ಅದನ್ನು ಎತ್ತಿಕೊಂಡು ಪಶುವೈದ್ಯರ ಬಳಿ ಓಡಿದಾಗ ಅವರು ಮರಿಯನ್ನು ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ‘ತಿನ್ನೋಕೆ ಏನು ಕೊಡ್ತಾ ಇದ್ದೀರಿ?’ ನಾವು ಕೊಡುತ್ತಿದ್ದದ್ದು ಅನ್ನ ಮತ್ತು ಬ್ರೆಡ್.

ಆ ಪ್ರಶ್ನೆಯ ಹಿಂದಿರುವ ವಿಜ್ಞಾನವೇ ಈ ಲೇಖನದ ವಿಷಯ. ಮನೆಯಲ್ಲಿ ಸಾಕುವ ಬಾತುಕೋಳಿ ಮರಿ ಮಂಕಾದಾಗ ನಾವು ಮೊದಲು ರೋಗಾಣುವನ್ನು ಹುಡುಕುತ್ತೇವೆ. ಆದರೆ ಮೊದಲ ಕೆಲವು ವಾರಗಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ಶಾಖದಲ್ಲಿ, ನೀರಿನಲ್ಲಿ, ಆಹಾರದಲ್ಲಿ. ಇವು ಮೂರನ್ನೂ ನೋಡದೆ ಔಷಧಿ ಹಾಕಿದರೆ ಮರಿ ಉಳಿಯುವ ಅವಕಾಶವಿರುವ ದಿನಗಳೇ ಕಳೆದುಹೋಗುತ್ತವೆ.

ಮುಟ್ಟಿದರೆ ಬಿಸಿ ಇದೆ, ಜ್ವರ ಇರಬಹುದೇ?

ಹೆಚ್ಚಿನವರು ಮಾಡುವ ಮೊದಲ ಪರೀಕ್ಷೆ ಮೈ ಮುಟ್ಟಿ ನೋಡುವುದು. ಇದು ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಬಾತುಕೋಳಿಯದ್ದು ಆರೋಗ್ಯವಾಗಿದ್ದಾಗಲೇ 41ರಿಂದ 42 ಡಿಗ್ರಿ. ಹಾಗಾಗಿ ಚೆನ್ನಾಗಿರುವ ಮರಿಯೂ ನಮ್ಮ ಕೈಗೆ ಜ್ವರ ಬಂದಂತೆಯೇ ತೋರುತ್ತದೆ. ನಿಜವಾಗಿ ಹೆದರಬೇಕಾದದ್ದು ಮರಿಯ ಕಾಲು, ಕೊಕ್ಕು ತಣ್ಣಗಾಗಿ, ಮೈ ನಮ್ಮ ಅಂಗೈಗೆ ಬೆಚ್ಚಗೆ ಅನಿಸದೇ ಹೋದಾಗ.

ಎರಡನೆಯದು ಹಿಕ್ಕೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಕಂಡು ‘ಬಿಳಿ ಭೇದಿ’ ಎಂದು ಗಾಬರಿಯಾಗುವವರಿದ್ದಾರೆ. ಹಕ್ಕಿಗಳಲ್ಲಿ ಮೂತ್ರ ಬೇರೆಯಾಗಿ ಬರುವುದಿಲ್ಲ. ಆ ಬಿಳಿ ಭಾಗವೇ ಯೂರಿಕ್ ಆಮ್ಲದ ರೂಪದಲ್ಲಿರುವ ಮೂತ್ರ. ದಿನದಲ್ಲಿ ಒಂದೆರಡು ಬಾರಿ ಬರುವ ಕಂದು ಬಣ್ಣದ, ಅಂಟಂಟಾದ, ವಾಸನೆಯ ಹಿಕ್ಕೆಯೂ ಸಹಜವೇ. ಗಮನಿಸಬೇಕಾದದ್ದು ಬರೀ ನೀರಿನಂತಹ, ರಕ್ತ ಬೆರೆತ ಅಥವಾ ಕಡು ಹಸಿರು ಹಿಕ್ಕೆಯನ್ನು. ಸೊಪ್ಪು ತಿನ್ನದ ಮರಿಯ ಹಿಕ್ಕೆ ಹಸಿರಾಗಿದ್ದರೆ ಅದರ ಹೊಟ್ಟೆ ಖಾಲಿಯಿದ್ದು ಪಿತ್ತರಸವಷ್ಟೇ ಹೊರಬರುತ್ತಿರಬಹುದು. ಅಂದರೆ ಮರಿ ತಿನ್ನುತ್ತಿಲ್ಲ.

ಹಾಗಾದರೆ ಮನೆಯಲ್ಲೇ ಮಾಡಬಹುದಾದ ನಂಬಿಕಸ್ಥ ಪರೀಕ್ಷೆ ಯಾವುದು? ಅಡುಗೆಮನೆಯ ತಕ್ಕಡಿ. ಬೇಟೆಗೆ ಸಿಗುವ ಜೀವಿಗಳಾದ್ದರಿಂದ ಹಕ್ಕಿಗಳು ಅನಾರೋಗ್ಯವನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಮಂಕಾಗಿ ಕಾಣುವ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತದೆ. ಆದರೆ ತೂಕ ಮುಚ್ಚಿಡಲಾಗುವುದಿಲ್ಲ. ಈ ವಯಸ್ಸಿನ ಮರಿಯ ತೂಕ ದಿನದಿಂದ ದಿನಕ್ಕೆ ಏರಲೇಬೇಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ದಿನ ತೂಕ ಏರದಿದ್ದರೆ ಎಚ್ಚರವಾಗಿ, ಇಳಿದರೆ ಕಾಯಬೇಡಿ.

ಮೊದಲ ತಪಾಸಣೆ: ಶಾಖ

ತಾಯಿಯಿಲ್ಲದ ಮರಿಗೆ ತನ್ನ ಮೈ ಶಾಖವನ್ನು ತಾನೇ ಕಾಯ್ದುಕೊಳ್ಳಲು ಮೊದಲ ವಾರಗಳಲ್ಲಿ ಬರುವುದಿಲ್ಲ. ಮೊದಲ ವಾರ ಅದು ಮಲಗುವ ಜಾಗದಲ್ಲಿ ಸುಮಾರು 32 ಡಿಗ್ರಿ ಶಾಖ ಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಮೈತುಂಬಾ ಗರಿ ಬರಲು ಏಳೆಂಟು ವಾರ ಬೇಕು.

ಇಲ್ಲಿ ಇತ್ತೀಚಿನ ಒಂದು ಎಡವಟ್ಟಿದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ತಂತಿಯ ಬಲ್ಬು ಬೆಳಕಿಗಿಂತ ಹೆಚ್ಚು ಶಾಖವನ್ನೇ ಕೊಡುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬ್. ‘ಬಲ್ಬ್ ಹಾಕಿದ್ದೇವಲ್ಲ’ ಎಂದು ನಾವು ನೆಮ್ಮದಿಯಾಗಿರುತ್ತೇವೆ, ಮರಿ ಮಾತ್ರ ಬೆಳಕಿನ ಕೆಳಗೆ ಚಳಿಯಲ್ಲಿ ನಡುಗುತ್ತಿರುತ್ತದೆ. ಇದಕ್ಕೆ ತಂತಿಯ ಬಲ್ಬನ್ನೋ, ಶಾಖ ಕೊಡುವ ವಿಶೇಷ ದೀಪವನ್ನೋ ಹುಡುಕಿ ತರಬೇಕು. ಅದು ಬಿದ್ದು ಹುಲ್ಲಿಗೆ, ರಟ್ಟಿಗೆ ಬೆಂಕಿ ತಗಲದಂತೆ ಭದ್ರವಾಗಿ ಕಟ್ಟಬೇಕು. ದೀಪ ಪೆಟ್ಟಿಗೆಯ ಒಂದು ತುದಿಯಲ್ಲಷ್ಟೇ ಇರಲಿ. ಸೆಕೆಯಾದರೆ ಮರಿಗೆ ದೂರ ಸರಿಯಲು ಜಾಗ ಬೇಕು.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಉತ್ತರ ಹೇಳುತ್ತವೆ. ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಚಳಿ. ದೂರದ ಮೂಲೆಯಲ್ಲಿ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಎಲ್ಲ ಸರಿಯಿದೆ. ಮಲೆನಾಡಿನ ಮಳೆಗಾಲದ ರಾತ್ರಿಗೂ ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಎರಡನೆಯ ಕಡೆ ಹಗಲು ದೀಪವೇ ಬೇಡವಾಗಬಹುದು.

ಒಂಟಿ ಮರಿ ಎಡೆಬಿಡದೆ ಕೂಗುವುದು ಬಹುಪಾಲು ರೋಗದಿಂದಲ್ಲ, ಒಂಟಿತನದಿಂದ. ಹತ್ತಿರ ಹೋದ ಕೂಡಲೇ ಕೂಗು ನಿಂತರೆ ಅದಕ್ಕೆ ಬೇಕಿರುವುದು ಔಷಧಿಯಲ್ಲ, ಜೊತೆಗಾರ.

ಎರಡನೇ ತಪಾಸಣೆ: ನೀರು

‘ಬಾತುಕೋಳಿ ಅಲ್ಲವೇ, ಈಜಲಿ’ ಎಂದು ಬಕೆಟ್ಟಿಗೆ ಬಿಡುವುದು ಎಲ್ಲರಿಗೂ ಇಷ್ಟವಾದ ಆಟ. ಮರಿಗೆ ಈಜು ಹುಟ್ಟಿನಿಂದಲೇ ಬರುತ್ತದೆ, ನಿಜ. ಆದರೆ ಅದರ ಮೃದು ತುಪ್ಪಳ ದೊಡ್ಡ ಬಾತುಕೋಳಿಯ ಗರಿಯಂತೆ ನೀರನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಕೆರೆಯಲ್ಲಿ ತಾಯಿಯ ಹಿಂದೆ ಈಜುವ ಮರಿ ದಡಕ್ಕೆ ಬಂದ ಕೂಡಲೇ ಅವಳ ರೆಕ್ಕೆಯಡಿ ಸೇರಿ ಮೈ ಕಾಯಿಸಿಕೊಳ್ಳುತ್ತದೆ. ಬಕೆಟ್ಟಿನ ಮರಿಗೆ ಆ ರೆಕ್ಕೆ ಇಲ್ಲ. ಅದು ನೆನೆಯುತ್ತದೆ, ತಣ್ಣಗಾಗುತ್ತದೆ, ಕೆಲವೊಮ್ಮೆ ಮುಳುಗಿಯೂ ಹೋಗುತ್ತದೆ. ಮೊದಲ ವಾರಗಳಲ್ಲಿ ಈಜು ಬೇಕೆಂದರೆ ಉಗುರುಬೆಚ್ಚಗಿನ ನೀರಿನಲ್ಲಿ, ಕಣ್ಣೆದುರಿನಲ್ಲೇ, ಕೆಲವು ನಿಮಿಷ ಮಾತ್ರ. ಆಮೇಲೆ ಒರೆಸಿ ದೀಪದ ಬಳಿ ಬಿಡಬೇಕು.

ಕುಡಿಯುವ ನೀರಿನಲ್ಲಿ ಆಗುವ ತಪ್ಪು ಇದಕ್ಕೆ ತಿರುವುಮುರುವು. ಕೋಳಿಮರಿಗೆ ಸಾಕಾಗುವ ಚಪ್ಪಟೆ ತಟ್ಟೆ ಬಾತುಮರಿಗೆ ಸಾಲದು. ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆಗಳು ಮುಳುಗುವಷ್ಟು, ಕಣ್ಣು ತೊಳೆದುಕೊಳ್ಳುವಷ್ಟು ಆಳ ಬೇಕು. ಇಲ್ಲದಿದ್ದರೆ ಹೊಳ್ಳೆಗಳಲ್ಲಿ ಆಹಾರ ಕಟ್ಟಿಕೊಳ್ಳುತ್ತದೆ, ಕಣ್ಣಿನಲ್ಲಿ ಪಿಸುರು ಅಂಟುತ್ತದೆ. ಇದನ್ನು ನೋಡಿ ‘ಶೀತ ಆಗಿದೆ’ ಎಂದು ಔಷಧಿ ಹುಡುಕುವವರು ಮೊದಲು ಪಾತ್ರೆ ಬದಲಿಸಿ ಒಂದು ದಿನ ನೋಡಬಹುದು. ಮರಿ ಒಳಗೆ ಬಿದ್ದರೂ ಹತ್ತಿ ಬರುವಂತೆ ಪಾತ್ರೆಯಲ್ಲಿ ಒಂದೆರಡು ಕಲ್ಲು ಹಾಕಿ. ಒಣ ಆಹಾರವನ್ನು ನೀರಿಲ್ಲದೆ ಎಂದೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂರನೇ ತಪಾಸಣೆ: ತಟ್ಟೆ

ಈಗ ಎದ್ದು ನಿಲ್ಲದ ಮರಿಗೆ ಬರೋಣ. ಕಾಲು ಬಿಲ್ಲಿನಂತೆ ಬಾಗಿದೆ, ಕಾಲಿನ ನಡುವಿನ ಕೀಲು ಊದಿದೆ, ಆ ಕೀಲಿನ ಮೇಲೆಯೇ ಕುಳಿತು ತೆವಳುತ್ತಿದೆ, ಆದರೆ ಕಣ್ಣು ಚುರುಕಾಗಿದೆ, ತಿನ್ನಲು ಆಸೆಯಿದೆ. ಹೀಗಿದ್ದರೆ ಮೊದಲ ಅನುಮಾನ ನಿಯಾಸಿನ್ ಕೊರತೆ. ವಿಟಮಿನ್ ಬಿ3 ಎಂದರೂ ಇದೇ.

ಬೆಳೆಯುವ ಕೋಳಿಮರಿಗೆ ಒಂದು ಕಿಲೋ ಆಹಾರದಲ್ಲಿ 27ರಿಂದ 35 ಮಿಲಿಗ್ರಾಂ ನಿಯಾಸಿನ್ ಇದ್ದರೆ ಸಾಕು. ಬಾತುಮರಿಗೆ ಸುಮಾರು 55 ಮಿಲಿಗ್ರಾಂ ಬೇಕು. ಇಷ್ಟೊಂದು ವ್ಯತ್ಯಾಸ ಏಕೆ? ಪ್ರೋಟೀನಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಪ್ರಾಣಿಗಳ ದೇಹ ಸ್ವಲ್ಪ ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ಬಾತುಕೋಳಿಯ ದೇಹದಲ್ಲಿ ಒಂದು ಕಿಣ್ವ ಆ ಕಚ್ಚಾವಸ್ತುವನ್ನು ಬೇರೆ ದಾರಿಗೆ ತಿರುಗಿಸಿಬಿಡುವುದರಿಂದ ಈ ತಯಾರಿಕೆ ತೀರಾ ಕಡಿಮೆ. ಹಾಗಾಗಿ ಕೋಳಿಮರಿ ಆಹಾರದಲ್ಲಿ ಕೋಳಿ ಚೆನ್ನಾಗಿ ಬೆಳೆದರೂ ಪಕ್ಕದ ಬಾತುಮರಿಯ ಕಾಲು ಸೋಲಬಹುದು. ಬರೀ ಅನ್ನ, ಬ್ರೆಡ್, ಮೆಕ್ಕೆಜೋಳದ ನುಚ್ಚು ತಿಂದರಂತೂ ಕೇಳುವುದೇ ಬೇಡ. ಮೆಕ್ಕೆಜೋಳದಲ್ಲಿರುವ ನಿಯಾಸಿನ್‌ನ ಹೆಚ್ಚಿನ ಭಾಗ ಬೇರೆ ಪದಾರ್ಥಗಳಿಗೆ ಅಂಟಿಕೊಂಡಿರುವುದರಿಂದ ಜೀರ್ಣವಾದರೂ ಮೈಗೆ ಹತ್ತುವುದಿಲ್ಲ.

‘ಗದ್ದೆಯ ಬಾತುಕೋಳಿಗಳು ಭತ್ತ ತಿಂದೇ ಬೆಳೆಯುತ್ತವಲ್ಲ?’ ಎಂದು ನೀವು ಕೇಳಬಹುದು. ಅವು ಭತ್ತದ ಜೊತೆಗೆ ಹುಳು, ಬಸವನಹುಳು, ಕಪ್ಪೆಮರಿ, ಕಳೆ ಎಲ್ಲವನ್ನೂ ತಿನ್ನುತ್ತವೆ. ರಟ್ಟಿನ ಪೆಟ್ಟಿಗೆಯ ಮರಿಗೆ ನಾವು ಕೊಟ್ಟದ್ದಷ್ಟೇ ಪ್ರಪಂಚ.

ಕೊರತೆಯನ್ನು ಸೋಂಕು ಎಂದುಕೊಳ್ಳುವ ತಪ್ಪು ಹೊಸದೇನಲ್ಲ. ಮನುಷ್ಯರಲ್ಲಿ ಇದೇ ನಿಯಾಸಿನ್ ಕೊರತೆಯಿಂದ ಪೆಲಾಗ್ರಾ ಬರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದನ್ನು ಅಂಟುರೋಗವೆಂದೇ ಬಹಳ ಜನ ನಂಬಿದ್ದರು. 1914ರಲ್ಲಿ ತನಿಖೆಗೆ ಹೋದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಇದು ಬಡವರ ಊಟದಲ್ಲಿನ ಕೊರತೆ ಎಂದು ತೋರಿಸಿಕೊಟ್ಟರೂ ಒಪ್ಪದವರು ಅನೇಕರಿದ್ದರು. ಆ ಕೊರತೆ ನಿಯಾಸಿನ್‌ನದ್ದು ಎಂದು ತಿಳಿದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಹೆಮ್ ಅವರ ಪ್ರಯೋಗಗಳಿಂದ. ನಮ್ಮ ದಖನ್ ಪ್ರದೇಶದಲ್ಲಿ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಕಾಣಿಸುತ್ತಿದ್ದ ಪೆಲಾಗ್ರಾವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿನಲ್ಲಿ ಅಧ್ಯಯನ ಮಾಡಿದರು. ಮನುಷ್ಯರ ವಿಷಯದಲ್ಲೇ ಇಷ್ಟು ಕಾಲ ಬೇಕಾಯಿತು ಎಂದಮೇಲೆ ಬಾತುಮರಿಯ ಪುಟ್ಟ ಕಾಲುಗಳ ಬಗ್ಗೆ ನಾವು ಎಡವುವುದು ಆಶ್ಚರ್ಯವಲ್ಲ.

ಪರಿಹಾರ ಸರಳ, ಆದರೆ ಬೇಗ ಆಗಬೇಕು. ಸಾಕಣೆದಾರರು ಸಾಮಾನ್ಯವಾಗಿ ಒಂದು ಕಪ್ ಆಹಾರಕ್ಕೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಬೆರೆಸುತ್ತಾರೆ. ಇದು ಬ್ರೆಡ್ ಉಬ್ಬಿಸುವ ಯೀಸ್ಟ್ ಅಲ್ಲ. ಉಬ್ಬಿಸುವ ಯೀಸ್ಟ್ ಜೀವಂತವಿದ್ದು ಹೊಟ್ಟೆಯಲ್ಲಿ ಹುದುಗಬಹುದು. ಕಾಲು ಆಗಲೇ ಬಾಗಿದ್ದರೆ ಆಹಾರವೊಂದೇ ಸಾಲದೆ ನಿಯಾಸಿನ್ ಅನ್ನೇ ನೀರಿನಲ್ಲಿ ಕೊಡಬೇಕಾಗುತ್ತದೆ. ಅದರ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಬೇಗ ಶುರು ಮಾಡಿದರೆ ಮರಿ ಕೆಲವೇ ದಿನಗಳಲ್ಲಿ ಎದ್ದು ನಡೆಯಬಹುದು. ತಡವಾದರೆ ಬಾಗಿದ ಮೂಳೆ ಹಾಗೆಯೇ ಉಳಿಯುತ್ತದೆ. ನಮ್ಮ ಎರಡನೇ ಮರಿ ಬದುಕಿತು, ಆದರೆ ಅದರ ನಡಿಗೆ ಕೊನೆಯವರೆಗೂ ಸ್ವಲ್ಪ ಕುಂಟಾಗಿಯೇ ಇತ್ತು.

ಕಾಲಿನ ತೊಂದರೆಗಳೆಲ್ಲವೂ ನಿಯಾಸಿನ್‌ನಿಂದಲೇ ಅಲ್ಲ. ಕಾಲುಗಳು ಎರಡೂ ಪಕ್ಕಕ್ಕೆ ಜಾರಿ ಅಗಲವಾಗಿದ್ದರೆ ಕಾರಣ ಹಾಸಿದ ನ್ಯೂಸ್‌ಪೇಪರಿನ ನುಣುಪು ಇರಬಹುದು. ಹಳೆಯ ಟವೆಲ್ಲೋ ರಬ್ಬರ್ ಮ್ಯಾಟೋ ಹಾಸಿ, ಮೃದು ಪಟ್ಟಿಯಿಂದ ಕಾಲುಗಳನ್ನು ಸಹಜ ಅಂತರದಲ್ಲಿ ಕೆಲವು ದಿನ ಕಟ್ಟಿಡುವುದುಂಟು. ಒಂದೇ ಕಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಚಿಕೊಂಡು ಕೀಲಿನ ಹಿಂಭಾಗ ಚಪ್ಪಟೆಯಾಗಿದ್ದರೆ ಸ್ನಾಯುರಜ್ಜು ಜಾರಿರಬಹುದು. ಅದನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ಬೂಷ್ಟು ಹಿಡಿದದ್ದು ‘ಹಕ್ಕಿಗೆ ತಾನೇ’?

ನಮಗೆ ಬೇಡವಾದ ಹಳೆಯ ಬ್ರೆಡ್, ಮುಗ್ಗಿದ ಶೇಂಗಾ, ಬೂಷ್ಟು ಬಂದ ಹಿಂಡಿಯನ್ನು ಹಕ್ಕಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬಾತುಮರಿಯ ಮಟ್ಟಿಗೆ ಇದು ವಿಷವಿಕ್ಕಿದಂತೆಯೇ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬಾತುಕೋಳಿ ಮರಿಗಳೂ ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ರೋಗಾಣುವಲ್ಲ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಉಂಟುಮಾಡಿದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಈ ವಿಷಕ್ಕೆ ಬಾತುಮರಿಯ ಲಿವರ್ ಎಷ್ಟು ಸೂಕ್ಷ್ಮವೆಂದರೆ, ಯಂತ್ರಗಳಿಂದ ಅಳೆಯುವ ವಿಧಾನ ಬರುವ ಮೊದಲು ಆಹಾರದಲ್ಲಿ ವಿಷವಿದೆಯೇ ಎಂದು ಪತ್ತೆಹಚ್ಚಲು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದರು.

ಬೂಷ್ಟನ್ನು ಕೆರೆದು ತೆಗೆದರೆ, ಬಿಸಿಲಿಗೆ ಒಣಗಿಸಿದರೆ, ಬೇಯಿಸಿದರೆ ಈ ವಿಷ ಹೋಗಿಬಿಡುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ. ಆಹಾರ ಎಸೆಯುವುದೊಂದೇ ದಾರಿ. ಬೂಷ್ಟು ಹಿಡಿದ ಹುಲ್ಲು, ಹೊಟ್ಟನ್ನು ಹಾಸಿದರೆ ಅದೇ ಗುಂಪಿನ ಶಿಲೀಂಧ್ರಗಳ ಬೀಜಕಣಗಳು ಶ್ವಾಸಕೋಶ ಸೇರಿ, ಮರಿ ಕೊಕ್ಕು ತೆರೆದು ಉಸಿರಿಗಾಗಿ ಒದ್ದಾಡುತ್ತದೆ.

ಹಾಗಾದರೆ ನಿಜವಾದ ಸೋಂಕು ಬರುವುದೇ ಇಲ್ಲವೇ?

ಬರುತ್ತದೆ. ಬಂದಾಗ ಅದು ವೇಗವಾಗಿರುತ್ತದೆ. ಬಾತುಕೋಳಿ ವೈರಲ್ ಹೆಪಟೈಟಿಸ್ ಆರು ವಾರದೊಳಗಿನ ಮರಿಗಳನ್ನು ಕಾಡುವ ರೋಗ. ಮರಿ ಒಂದು ಮಗ್ಗುಲಿಗೆ ಬಿದ್ದು, ತಲೆಯನ್ನು ಬೆನ್ನಿನ ಕಡೆಗೆ ಸೆಟೆದು, ಲಕ್ಷಣ ಕಂಡ ಒಂದೆರಡು ಗಂಟೆಯೊಳಗೆ ಸಾಯಬಹುದು. ಡಕ್ ಪ್ಲೇಗ್ ಎಂಬ ಇನ್ನೊಂದು ವೈರಸ್ ರೋಗ ಭಾರತದಲ್ಲಿ 1963ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಯಿತು. ಅದಕ್ಕೆ ಲಸಿಕೆಯಿದೆ. ರೀಮೆರೆಲ್ಲಾ ಎಂಬ ಬ್ಯಾಕ್ಟೀರಿಯಾ ತಗಲಿದ ಮರಿಗಳಲ್ಲಿ ಕಣ್ಣು, ಮೂಗಿನಿಂದ ಸ್ರಾವ, ಕತ್ತು ನಡುಗುವುದು, ಮಲಗಿ ಕಾಲು ಬಡಿಯುವುದು ಕಾಣುತ್ತದೆ. ಕೊಳೆತ ಪದಾರ್ಥ ಅಥವಾ ಅದರಲ್ಲಿನ ಹುಳು ತಿಂದ ಮರಿಗೆ ಬಾಟುಲಿಸಂ ಆದರೆ ಕತ್ತು ಎತ್ತಲಾಗದಂತೆ ಜೋತುಬೀಳುತ್ತದೆ. ಅದು ಬ್ಯಾಕ್ಟೀರಿಯಾದ ವಿಷದಿಂದ ಆಗುವ ಪಾರ್ಶ್ವವಾಯು.

ಈ ನಾಲ್ಕರಲ್ಲಿ ಆಂಟಿಬಯಾಟಿಕ್ ಮುಖ್ಯ ಔಷಧಿಯಾಗುವುದು ಒಂದಕ್ಕೆ ಮಾತ್ರ, ರೀಮೆರೆಲ್ಲಾಕ್ಕೆ. ಅದರಲ್ಲೂ ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದನ್ನು ಪ್ರಯೋಗಾಲಯ ಹೇಳಬೇಕು. ‘ಯಾವುದಕ್ಕೂ ಇರಲಿ’ ಎಂದು ಹಾಕುವ ಪುಡಿ ವೈರಸ್ಸನ್ನೂ ಕೊರತೆಯನ್ನೂ ಮುಟ್ಟುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಮಾತ್ರ ಬೆಳೆಸುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಭಯದಿಂದ. ಮನೆಯಲ್ಲಿರುವ ಜ್ವರದ, ನೋವಿನ ಮಾತ್ರೆಗಳನ್ನು ಪುಡಿಮಾಡಿ ಹಾಕುವುದೂ ಬೇಡ.

ಮರಿ ಮಂಕಾದ ಕೂಡಲೇ ಏನು ಮಾಡಬೇಕು?

ಮೊದಲು ಬೆಚ್ಚಗೆ ಮಾಡಿ, ಆಮೇಲೆ ಆಹಾರ. ತಣ್ಣಗಾದ ಮರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಉಳಿದ ಮರಿಗಳಿಂದ ಬೇರ್ಪಡಿಸಿ, ಆದರೆ ಅವುಗಳ ದನಿ ಕೇಳುವಷ್ಟು ಹತ್ತಿರವಿರಲಿ.

ಬಾಯಿ ತೆರೆದು ನೀರು ಸುರಿಯಬೇಡಿ. ಬಾತುಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಸುರಿದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ಅದೇ ನುಂಗಲಿ. ನುಂಗದಿದ್ದರೆ ಬಲವಂತ ಬೇಡ.

ವೈದ್ಯರ ಬಳಿ ಹೋಗುವಾಗ ಮರಿಯ ಜೊತೆಗೆ ಅದು ತಿನ್ನುವ ಆಹಾರದ ಒಂದು ಹಿಡಿ, ಹೊಸ ಹಿಕ್ಕೆ, ತೂಕದ ಚೀಟಿ ಮತ್ತು ನಡಿಗೆಯ ವಿಡಿಯೋ ಒಯ್ಯಿರಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ತಲೆ ಹಿಂದಕ್ಕೆ ಸೆಟೆಯುವುದು, ಕತ್ತು ಜೋತುಬೀಳುವುದು, ಉಸಿರಾಟದ ಕಷ್ಟ, ರಕ್ತದ ಹಿಕ್ಕೆ, ಒಂದೇ ದಿನ ಎರಡು ಮರಿಗಳ ಸಾವು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಬೆಳಗಾಗಲೆಂದು ಕಾಯುವಂತಿಲ್ಲ.

ಒಂದು ಮರಿ ಸತ್ತರೆ ತಕ್ಷಣ ಹೂಳಿಬಿಡುವುದು ನಮ್ಮ ಸಹಜ ಪ್ರತಿಕ್ರಿಯೆ. ನಾವೂ ಹಾಗೇ ಮಾಡಿದೆವು. ಉಳಿದ ಮರಿಗಳಿದ್ದರೆ ಸ್ವಲ್ಪ ತಡೆಯಿರಿ. ಸತ್ತ ಮರಿಯ ಲಿವರ್, ಕರುಳು, ಶ್ವಾಸಕೋಶ ನೋಡಿ ವೈದ್ಯರು ಹೇಳಬಲ್ಲದ್ದನ್ನು ಬದುಕಿರುವ ಮರಿಯನ್ನು ನೋಡಿ ಹೇಳಲಾಗುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ತುಂಬಿದ ಡಬ್ಬಿಯಲ್ಲಿ ತಂಪಾಗಿಟ್ಟು ಆದಷ್ಟು ಬೇಗ ಒಯ್ಯಿರಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಅಂಗಾಂಶ ಹಾಳಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂತಹ ಪ್ರಯೋಗಾಲಯಗಳು ಇರುವುದೇ ರೋಗಪತ್ತೆಗಾಗಿ.

ಹಕ್ಕಿಗಳು ಗುಂಪಾಗಿ ಸತ್ತರೆ ಕೆರೆಗೋ ಕಸಕ್ಕೋ ಎಸೆಯಬೇಡಿ, ಪಶುಸಂಗೋಪನಾ ಇಲಾಖೆಗೆ ತಿಳಿಸಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕುಕ್ಕುಟ ಕೇಂದ್ರದ ಟರ್ಕಿಗಳಲ್ಲಿ, 2014ರ ಕೊನೆಯಲ್ಲಿ ಕೇರಳದ ಕುಟ್ಟನಾಡಿನ ಬಾತುಕೋಳಿಗಳಲ್ಲಿ ಹಕ್ಕಿಜ್ವರ ಕಂಡಿತ್ತು. ಬಾತುಕೋಳಿಗಳು ಕೆಲವೊಮ್ಮೆ ಯಾವ ಲಕ್ಷಣವನ್ನೂ ತೋರಿಸದೆ ಆ ವೈರಸ್ಸನ್ನು ಹೊತ್ತಿರಬಲ್ಲವು.

ಚೆನ್ನಾಗಿರುವ ಮರಿಯ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಹಾಗಾಗಿ ಮರಿಗೆ ಮುತ್ತು ಕೊಡುವುದು, ಅದರ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದು ಬೇಡ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು ದೂರದಿಂದ ನೋಡಿ ಸಂತೋಷಪಟ್ಟರೆ ಸಾಕು.

ಮರಿಗಳನ್ನು ಇನ್ನೂ ತಂದಿಲ್ಲದವರು ತರುವ ಹಿಂದಿನ ದಿನವೇ ಶಾಖ ಕೊಡುವ ದೀಪ, ಆಳವಾದ ನೀರಿನ ಪಾತ್ರೆ, ಮೊದಲ ವಾರಗಳಿಗೆ ಸುಮಾರು 20ರಿಂದ 22 ಶೇಕಡಾ ಪ್ರೋಟೀನ್ ಇರುವ ಮರಿ ಆಹಾರ ಮತ್ತು ಬ್ರೂವರ್ಸ್ ಯೀಸ್ಟ್ ಹೊಂದಿಸಿಟ್ಟುಕೊಳ್ಳಿ. ಈಗಾಗಲೇ ತಂದಿದ್ದು, ಅವುಗಳಲ್ಲಿ ಒಂದು ಇಂದು ಬೆಳಿಗ್ಗೆ ಉಳಿದವುಗಳ ಹಿಂದೆ ಬಿದ್ದಿದ್ದರೆ ಅದನ್ನು ತೂಗಿ ನೋಡಿ. ತಟ್ಟೆಯಲ್ಲಿ ಏನಿದೆ ಎಂದು ನೋಡಿ. ಆಮೇಲೆ ವೈದ್ಯರಿಗೆ ಫೋನ್ ಮಾಡಿ.